ಹದಿನೈದು ದಿನ ಒಪ್ಪದು, ಒಂದು ವಾರ ಒಪ್ಪುವುದು: ಒಂದು ಕ್ಲಿನಿಕ್ಕಿನ ಸಾಫ್ಟ್‌ವೇರ್ ರಿಪೇರಿ

ಸೋಮವಾರ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ ಕೌಂಟರಿನ ಅಕ್ಕ ಫೋನ್ ಮಾಡಿದರು. “ಅಣ್ಣಾ, ಹದಿನೈದು ದಿನ ಬಿಟ್ಟು ಬನ್ನಿ ಎಂದು ಹಾಕಿದರೆ ಇದು ಒಪ್ಪುವುದಿಲ್ಲ. ಒಂದು ವಾರ ಎಂದು ಹಾಕಿದರೆ ಒಪ್ಪುತ್ತದೆ.”

ಇಡೀ ಕಾಯಿಲೆಯ ಲಕ್ಷಣ ಆ ಎರಡು ವಾಕ್ಯದಲ್ಲಿತ್ತು. ನನಗೆ ಹೊಳೆಯಲಿಲ್ಲ. ನೀರ್ಚಾಲಿನ ಮನೆಯ ಅಂಗಳದಲ್ಲಿ ಹರವಿದ ಅಡಿಕೆಯ ನಡುವೆ ಕಾಲಿಡಲು ಜಾಗ ಹುಡುಕುತ್ತಾ, “ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಕ್ಕಾ” ಎಂದುಬಿಟ್ಟೆ. ಇಪ್ಪತ್ತು ವರ್ಷ ಕಂಪ್ಯೂಟರ್ ರಿಪೇರಿಯ ಕೆಲಸ ಮಾಡಿದವನ ಬಾಯಿಯಿಂದ ಬಂದ ಉತ್ತರ ಅದು. ಅವರೂ ಹಾಗೆಯೇ ಮಾಡಿದರು, ಆಗಲೂ ಒಪ್ಪಲಿಲ್ಲ. ಹೊರಗೆ ಇಪ್ಪತ್ತೆರಡು ಟೋಕನ್ ಕಾಯುತ್ತಿದ್ದವು. ಅಕ್ಕ ಒಂದು ಉದ್ದ ಪುಸ್ತಕ ತೆಗೆದು, ಕಂಪ್ಯೂಟರ್ ಒಪ್ಪುವ ಯಾವುದೋ ತಾರೀಕನ್ನು ಅದಕ್ಕೆ ಕೊಟ್ಟು, ನಿಜವಾದ ತಾರೀಕನ್ನು ಪುಸ್ತಕದಲ್ಲಿ ಬರೆಯತೊಡಗಿದರು. ಆ ಪುಸ್ತಕ ಇಲ್ಲದಿದ್ದರೆ ಈ ಬರಹದ ದ್ವಿತೀಯಾರ್ಧವೇ ಇರುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಬದಿಯಡ್ಕದಿಂದ ಸ್ವಲ್ಪ ಒಳಗೆ ಇರುವ ಸಣ್ಣ ಕ್ಲಿನಿಕ್ಕು ಅದು. ಒಬ್ಬರೇ ಡಾಕ್ಟರು, ಒಂದು ಲ್ಯಾಬು, ಮದ್ದು ಕೊಡುವ ಒಂದು ಕೌಂಟರು, ಒಟ್ಟು ನಾಲ್ಕು ಕಂಪ್ಯೂಟರು. ಲ್ಯಾಬಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿರುವ ಪೆಟ್ಟಿಗೆಯೇ ಸರ್ವರ್. ಉಳಿದ ಮೂರು ಅದರಿಂದ ಓದುತ್ತವೆ, ಅದಕ್ಕೆ ಬರೆಯುತ್ತವೆ. ಅದನ್ನು 2014ರಲ್ಲಿ ಕೊಂಡಿದ್ದರು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಆ ಹಳೆಯ ಪೆಟ್ಟಿಗೆಯಲ್ಲಿ ಇಲ್ಲ. ಹೊಸ ಪೆಟ್ಟಿಗೆ ಬಂತು. ಹೊಸ ಪೆಟ್ಟಿಗೆಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ, ಹೊಸ ಆವೃತ್ತಿಗೆ ಹೊಸ ಡೇಟಾಬೇಸ್. ಒಂದು ಹಂಚು ಬದಲಿಸಲು ಮಾಡಿನ ಮೇಲೆ ಹತ್ತಿದವನು ಪಕಾಸು, ರೀಪು ಎಲ್ಲವನ್ನೂ ಬದಲಿಸಿ ಇಳಿದ ಹಾಗೆ.

ದಿನ ಗೊತ್ತುಮಾಡಿದ್ದು ನವೆಂಬರ್ 1, ಶನಿವಾರ ಸಂಜೆ. ಭಾನುವಾರ ರಜೆ, ಏನಾದರೂ ಕೆಟ್ಟರೆ ಒಂದು ದಿನ ಕೈಯಲ್ಲಿರುತ್ತದೆ ಎಂಬ ಲೆಕ್ಕ. 1956ರಲ್ಲಿ ಇದೇ ತಾರೀಕಿಗೆ ನಮ್ಮ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ದಾಖಲೆಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸಲು ಇದು ಒಳ್ಳೆಯ ಮುಹೂರ್ತವಲ್ಲ ಎಂದು ಡಾಕ್ಟರು ನಗುತ್ತಾ ಹೇಳಿದರು. ನಾನೂ ನಕ್ಕೆ.

ಶನಿವಾರ ರಾತ್ರಿ

ಹಳೆಯ ಯಂತ್ರದಲ್ಲಿ ಡೇಟಾಬೇಸ್ ನಡೆಸುವ ಎಸ್‌ಕ್ಯೂಎಲ್ ಸರ್ವರ್ 2014ರ ಎಕ್ಸ್‌ಪ್ರೆಸ್ ಆವೃತ್ತಿ ಇತ್ತು, ಹೊಸದರಲ್ಲಿ 2022ರದು. ಹಳೆಯದರ ಪೂರ್ಣ ಬ್ಯಾಕಪ್ ತೆಗೆದೆ, ಎರಡು ಕಡೆ ಇಟ್ಟೆ, ಹೊಸದರಲ್ಲಿ ಬಿಚ್ಚಿದೆ. ಹಳೆಯ ಆವೃತ್ತಿಯ ಬ್ಯಾಕಪ್ಪನ್ನು ಹೊಸದರಲ್ಲಿ ಬಿಚ್ಚಬಹುದು, ಹೊಸದರ ಬ್ಯಾಕಪ್ಪನ್ನು ಹಳೆಯದರಲ್ಲಿ ಬಿಚ್ಚಲು ಬರುವುದಿಲ್ಲ. ಸೋಮವಾರ ಬಾಗಿಲು ತೆರೆದು ಹತ್ತು ರೋಗಿಗಳ ವಿವರ ಹೊಸದಕ್ಕೆ ಹೋಯಿತೆಂದರೆ ಹಿಂದಿರುಗುವ ಸೇತುವೆ ಮುರಿದ ಹಾಗೆ. ಅದಕ್ಕೇ ಹಳೆಯ ಪೆಟ್ಟಿಗೆಯನ್ನು ಅಳಿಸದೆ, ತಂತಿ ಮಾತ್ರ ಕಳಚಿ, ಕಪಾಟಿನೊಳಗೆ ಇಟ್ಟೆ. ಆ ರಾತ್ರಿ ಬುದ್ಧಿ ಉಪಯೋಗಿಸಿ ಮಾಡಿದ ಕೆಲಸ ಅದೊಂದೇ.

ಡೇಟಾಬೇಸ್ ತೆರೆದುಕೊಂಡಿತು, ಹನ್ನೊಂದು ವರ್ಷದ ದಾಖಲೆ ಎಲ್ಲವೂ ಇದೆ. ಆದರೆ ಸಾಫ್ಟ್‌ವೇರ್ ಅದರೊಳಗೆ ಹೋಗಲಾರದು: ‘ಪ್ರವೇಶ ನಿರಾಕರಿಸಲಾಗಿದೆ’. ಇದು ಹಳೆಯ ಪರಿಚಯದ ತೊಂದರೆ. ಬ್ಯಾಕಪ್ಪಿನಲ್ಲಿ ಆ ಡೇಟಾಬೇಸಿನ ಒಳಗಿನ ಬಳಕೆದಾರರು ಬರುತ್ತಾರೆ, ಅವರು ಬಾಗಿಲಲ್ಲಿ ತೋರಿಸುವ ಲಾಗಿನ್ ಬರುವುದಿಲ್ಲ. ಅದು ಹಳೆಯ ಸರ್ವರಿನ ‘ಮಾಸ್ಟರ್’ ಎಂಬ ಬೇರೆ ಡೇಟಾಬೇಸಿನಲ್ಲಿರುತ್ತದೆ. ಮನೆ ಬದಲಿಸಿದಾಗ ಸಾಮಾನೆಲ್ಲ ಬಂತು, ಬೀಗದ ಕೈ ಹಳೆಯ ಮನೆಯ ಮೊಳೆಯಲ್ಲೇ ನೇತಾಡುತ್ತಿದೆ. ಪರಿಹಾರ ಎರಡು ನಿಮಿಷದ್ದು: ಅದೇ ಹೆಸರಿನ ಲಾಗಿನ್ ಹೊಸದಾಗಿ ಸೃಷ್ಟಿಸಿ, ಒಳಗಿನ ಬಳಕೆದಾರನಿಗೆ ಜೋಡಿಸುವುದು. ಮಾಡಿದೆ. ತೆರೆಯಿತು. ಎರಡೇ ನಿಮಿಷದಲ್ಲಿ ಮುಗಿಯಿತಲ್ಲ ಎಂದು ಹೆಮ್ಮೆಪಟ್ಟೆ. ಆ ಎರಡು ನಿಮಿಷಕ್ಕೆ ಮುಂದೆ ಎರಡು ರಾತ್ರಿ ಕೊಡಬೇಕಾಯಿತು.

ಉಳಿದ ಮೂರು ಕಂಪ್ಯೂಟರುಗಳಿಗೆ ಸರ್ವರ್ ಕಾಣುತ್ತಿರಲಿಲ್ಲ. ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ನೆಟ್‌ವರ್ಕಿನ ಟಿಸಿಪಿ ಬಾಗಿಲು ಮೊದಲಿನಿಂದಲೇ ಮುಚ್ಚಿರುತ್ತದೆ. ಅದನ್ನು ತೆರೆದು, ಆ ಬಾಗಿಲಿನ ಸಂಖ್ಯೆಯನ್ನು, ಅಂದರೆ ಪೋರ್ಟನ್ನು, 1433ಕ್ಕೆ ಕಟ್ಟಿ, ಹೊರಗಿನವರನ್ನು ತಡೆಯುವ ಫೈರ್‌ವಾಲಿನಲ್ಲಿ ಆ ಒಂದು ಸಂಖ್ಯೆಗೆ ಮಾತ್ರ ದಾರಿ ಬಿಟ್ಟೆ. ಫೈರ್‌ವಾಲನ್ನೇ ಆರಿಸಿಬಿಡುವವರು ಇದ್ದಾರೆ, ಕೆಲಸ ಬೇಗ ಆಗುತ್ತದೆ. ರೋಗಿಗಳ ದಾಖಲೆ ಇರುವ ಯಂತ್ರದಲ್ಲಿ ಹಾಗೆ ಮಾಡುವವರನ್ನು ಕ್ಲಿನಿಕ್ಕಿನ ಒಳಗೆ ಬಿಡಬಾರದು.

ನಂತರ ಪರೀಕ್ಷೆ. ಸುಳ್ಳು ಹೆಸರಿನ ಒಬ್ಬ ರೋಗಿಯನ್ನು ದಾಖಲಿಸಿದೆ. ಹುಟ್ಟಿದ ದಿನ 01/01/1980 ಎಂದು ಹಾಕಿದೆ, ಬೆರಳಿಗೆ ಸುಲಭ. ಮುಂದಿನ ಭೇಟಿ 11/11/2025, ಅದೂ ಬೆರಳಿಗೆ ಸುಲಭ. ಎರಡೂ ಸರಿಯಾಗಿ ಉಳಿದವು, ಸರಿಯಾಗಿ ಮರಳಿ ಬಂದವು. ಗುಡುಗು ಶುರುವಾಗಿತ್ತು. ಎಲ್ಲ ಪ್ಲಗ್ ಎಳೆದು, ಬೀಗ ಹಾಕಿ ಹೊರಟೆ. ಈ ಎರಡು ತಾರೀಕುಗಳನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಭಾನುವಾರ

ಬೆಳಿಗ್ಗೆ ಪ್ರಿಂಟರಿನಿಂದ ಶುರು. ಡಾಟ್ ಮ್ಯಾಟ್ರಿಕ್ಸ್ ಯಂತ್ರ, ಎರಡು ಬದಿ ತೂತಿರುವ ಉದ್ದ ಕಾಗದ, ಒಂದೊಂದು ಚೀಟಿ ಆರು ಇಂಚು. ಹೊಸ ವಿಂಡೋಸಿಗೆ ಆರು ಇಂಚಿನ ಕಾಗದ ಗೊತ್ತಿಲ್ಲ. ಹನ್ನೊಂದು ಇಂಚು ಎಂದುಕೊಂಡು ಪ್ರತಿ ಚೀಟಿಯ ನಂತರ ಐದು ಇಂಚು ಖಾಲಿ ಉರುಳಿಸುತ್ತಿತ್ತು. ಮೂರನೆಯ ಚೀಟಿಗೆ ಬರುವಾಗ ಡಾಕ್ಟರ ಹೆಸರು ಹರಿಯುವ ಗೆರೆಯ ಮೇಲೆ. ಪ್ರಿಂಟ್ ಸರ್ವರಿನ ಗುಣಲಕ್ಷಣಗಳಲ್ಲಿ ಹೊಸ ಅಳತೆಯ ಕಾಗದ ಒಂದನ್ನು ಹೆಸರಿಟ್ಟು ಸೃಷ್ಟಿಸಿ, ಪ್ರಿಂಟರಿನಲ್ಲಿಯೂ ಸಾಫ್ಟ್‌ವೇರಿನಲ್ಲಿಯೂ ಅದನ್ನೇ ಆರಿಸಿದೆ. ಎರಡರಲ್ಲಿ ಒಂದನ್ನು ಮರೆತರೂ ಕೂಡದು.

ರಕ್ತಕಣ ಎಣಿಸುವ ಯಂತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದು ಫಲಿತಾಂಶವನ್ನು ಒಂಬತ್ತು ಸೂಜಿಯ ಹಳೆಯ ಸೀರಿಯಲ್ ತಂತಿಯಲ್ಲಿ ಕಳಿಸುತ್ತದೆ. ಹೊಸ ಕಂಪ್ಯೂಟರಿಗೆ ಆ ಕಿಂಡಿಯೇ ಇಲ್ಲ. ನನ್ನ ಚೀಲದಲ್ಲಿ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ತಂತಿ ಯಾವತ್ತೂ ಇರುತ್ತದೆ. ಚುಚ್ಚಿದೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು. ಪಕ್ಕದಲ್ಲಿ ಯಂತ್ರದ ಹೆಸರು ಬರಬೇಕಾದ ಜಾಗದಲ್ಲಿ ಒಂದು ವಾಕ್ಯ: ಈ ಚಿಪ್ಪನ್ನು 2012ರಿಂದ ನಿಲ್ಲಿಸಲಾಗಿದೆ, ನಿಮಗೆ ಮಾರಿದವರನ್ನು ಕೇಳಿ. ತಂತಿಯನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಒಂದು ಬೈಗುಳ ಬರೆದುಕೊಂಡು ನನ್ನ ದಾರಿ ಕಾಯುತ್ತಿದ್ದುದನ್ನು ಮೊದಲ ಬಾರಿ ಕಂಡೆ. ಹಳೆಯ ಡ್ರೈವರ್ ಹುಡುಕಿ ಹಾಕಿ ಅದನ್ನೇ ಓಡಿಸಬಹುದು, ಓಡಿಸುವವರೂ ಇದ್ದಾರೆ. ಆದರೆ ವಿಂಡೋಸಿನ ಮುಂದಿನ ನವೀಕರಣ ಬಂದು ಹೊಸ ಡ್ರೈವರನ್ನು ಮರಳಿ ಕೂರಿಸುವ ದಿನ ಲ್ಯಾಬಿನಲ್ಲಿ ಜ್ವರದ ಸಾಲು ನಿಂತಿರುತ್ತದೆ. ಪರಿಚಯದ ಒಬ್ಬರಿಂದ ಬೇರೆ ಚಿಪ್ಪಿನ ತಂತಿ ತಂದೆ.

ತಂತಿ ಒಪ್ಪಿತು, ಸಾಫ್ಟ್‌ವೇರ್ ಒಪ್ಪಲಿಲ್ಲ. ಅದು ಕಾಮ್ 1 ಎಂಬ ಸಂಖ್ಯೆಯ ಸೀರಿಯಲ್ ಕಿಂಡಿಯಲ್ಲಿ ಕಿವಿಗೊಟ್ಟು ಕೂತಿದೆ, ತಂತಿಗೆ ಸಿಕ್ಕಿದ ಸಂಖ್ಯೆ ಕಾಮ್ 5. ಸಂಖ್ಯೆ ಬದಲಿಸಿದೆ. ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್: ಇಷ್ಟನ್ನೂ ಹಳೆಯ ಯಂತ್ರದ ಬೆನ್ನಿಗೆ ಅಂಟಿಸಿದ್ದ ಹಳದಿ ಕಾಗದದಲ್ಲಿ ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದ. ಈಗ ಹೊಸ ತಂತಿ ಸರ್ವರಿನ ಹಿಂದಿನ ಒಂದೇ ಕಿಂಡಿಯಲ್ಲಿ ಇರಬೇಕು, ಬೇರೆ ಕಿಂಡಿಗೆ ಚುಚ್ಚಿದರೆ ಸಂಖ್ಯೆ ಬದಲಾಗಬಹುದು. ಗುಡುಗು ಬಂದಾಗ ಎಲ್ಲ ಎಳೆದು ಬಿಸಾಡುವ ಊರು ನಮ್ಮದು. ಕಿಂಡಿಗೂ ತಂತಿಯ ತುದಿಗೂ ಕೆಂಪು ಉಗುರುಬಣ್ಣ ಹಚ್ಚಿದೆ. ಉಗುರುಬಣ್ಣ ಕೊಟ್ಟದ್ದು ಲ್ಯಾಬಿನ ಹುಡುಗಿ, ಅವಳ ಹೆಸರಿನಲ್ಲೇ ಜಮಾ ಇರಲಿ.

ಮಧ್ಯಾಹ್ನ ಕನ್ನಡದ ಸರದಿ. ಚೀಟಿಯ ಕೆಳಗೆ ‘ಊಟದ ನಂತರ’, ‘ಬರಿ ಹೊಟ್ಟೆಗೆ’ ಎಂದು ನಲವತ್ತರಷ್ಟು ಸಿದ್ಧ ಸಾಲುಗಳಿದ್ದವು. ಈಗ ಅವು ಟೋಪಿ ಇಟ್ಟ ರೋಮನ್ ಅಕ್ಷರ, ನಡುನಡುವೆ ಪೌಂಡಿನ ಚಿಹ್ನೆ. ಗಾಬರಿಯಾಗಬೇಕಿಲ್ಲ: ಅವು ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಬಗೆಯ ಫಾಂಟಿನಲ್ಲಿ ಟೈಪಿಸಿದ ಸಾಲುಗಳು. ಆ ಕಾಲದಲ್ಲಿ ಕಂಪ್ಯೂಟರಿಗೆ ಗೊತ್ತಿದ್ದದ್ದು ರೋಮನ್ ಚಿಹ್ನೆಗಳು, ಅವುಗಳಿಗೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟು. ವೇಷ ಕಳಚಿದೊಡನೆ ಪಾತ್ರಧಾರಿ ಕಾಣಿಸುತ್ತಾನೆ. ಫಾಂಟು ಮರಳಿ ಹಾಕಿದರೆ ಕನ್ನಡವೂ ಮರಳುತ್ತದೆ, ಆದರೆ ಈ ಪಾಡು ಇನ್ನೊಂದು ಬಾರಿ ಬೇಡವೆಂದು ಎಲ್ಲವನ್ನೂ, ಕನ್ನಡದ ಅಕ್ಷರಕ್ಕೂ ಸ್ವಂತ ಸಂಕೇತ ಕೊಡುವ ಯೂನಿಕೋಡಿನಲ್ಲಿ ಹೊಸದಾಗಿ ಬರೆದೆ. ಉಳಿಸಿದೆ. ತೆರೆದು ನೋಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ‘ಊಟದ’ ಎಂಬಲ್ಲಿ ಮೂರು, ‘ನಂತರ’ ಎಂಬಲ್ಲಿ ನಾಲ್ಕು. ನಾಲ್ಕೇಕೆ ಎಂದರೆ ಸೊನ್ನೆಯೂ ಒಂದು ಅಕ್ಷರವಾಗಿ ಎಣಿಕೆಯಾಗುತ್ತದೆ.

ಟೋಪಿಯ ಅಕ್ಷರ ಮತ್ತು ಪ್ರಶ್ನಾರ್ಥಕ ಚಿಹ್ನೆ, ಈ ಎರಡರ ವ್ಯತ್ಯಾಸ ತಿಳಿದಿರಬೇಕು. ಮೊದಲನೆಯದರಲ್ಲಿ ಮಾಹಿತಿ ಇದೆ, ಕಾಣಿಸುವುದಿಲ್ಲ ಅಷ್ಟೆ. ಎರಡನೆಯದರಲ್ಲಿ ಮಾಹಿತಿ ಸತ್ತಿದೆ. ಡೇಟಾಬೇಸಿನಲ್ಲಿ ಆ ಸಾಲುಗಳು ಕೂರುವ ಕಂಬ, ಅಂದರೆ ಕಾಲಂ, ಯೂನಿಕೋಡ್ ಹಿಡಿಯುವ ಜಾತಿಯದಲ್ಲ. ತನಗೆ ಹಿಡಿಯಲಾಗದ ಪ್ರತಿ ಅಕ್ಷರದ ಬದಲಿಗೆ ಒಂದು ಪ್ರಶ್ನೆ ಬರೆದು ಮೂಲವನ್ನು ಎಸೆದಿದೆ. ಯಾವ ಫಾಂಟೂ ಅದನ್ನು ಬದುಕಿಸಲಾರದು. ನಾನು ಬರೆದ ನಲವತ್ತು ಸಾಲು ಹೋದರೆ ಹೋಯಿತು, ಅದೃಷ್ಟಕ್ಕೆ ಹಳೆಯ ದಾಖಲೆ ಯಾವುದನ್ನೂ ಮುಟ್ಟಿರಲಿಲ್ಲ. ಸಾಫ್ಟ್‌ವೇರಿನವರಿಗೆ ಫೋನ್ ಹಚ್ಚಿದಾಗ, ಹೊಸ ಆವೃತ್ತಿಯಲ್ಲಿ ಪ್ರಾದೇಶಿಕ ಭಾಷೆಗೆ ಬೇರೆಯೇ ಕಂಬ ಇದೆ, ಸೆಟ್ಟಿಂಗಿನಲ್ಲಿ ಒಂದು ಗುರುತು ಹಾಕಬೇಕು ಎಂದರು. ಕೈಪಿಡಿಯಲ್ಲಿ ಅದು ಇರಲಿಲ್ಲ. ಗುರುತು ಹಾಕಿ, ಕಟ್ಟಂಚಾಯ ಕುಡಿದು, ನಲವತ್ತನ್ನೂ ಮತ್ತೊಮ್ಮೆ ಬರೆದೆ.

ಸೋಮವಾರ

ಕ್ಲಿನಿಕ್ಕಿಗೆ ನಾನು ತಲುಪಿದ್ದು ಹನ್ನೊಂದಕ್ಕೆ. ಅಕ್ಕ ತೋರಿಸಿದರು: ಮುಂದಿನ ಭೇಟಿಗೆ 18/11/2025 ಎಂದು ಹಾಕಿ ಉಳಿಸಿದರೆ ಕೆಂಪು ಸಂದೇಶ, ದಿನಾಂಕ ಮಿತಿ ಮೀರಿದೆ ಎಂದು. 10/11/2025 ಎಂದು ಹಾಕಿದರೆ ಹಸಿರು ಗುರುತು. ಭೇಟಿಯನ್ನು ಎರಡು ವಾರದೊಳಗೆ ಸೀಮಿತಗೊಳಿಸುವ ಸೆಟ್ಟಿಂಗ್ ಏನಾದರೂ ಇರಬಹುದೆಂದು ಅರ್ಧ ಗಂಟೆ ಹುಡುಕಿದೆ. ಅಂಥದ್ದು ಇರಲಿಲ್ಲ.

ಆಗ ಡಾಕ್ಟರ ಕೋಣೆಯಿಂದ ಕರೆ ಬಂತು. ಎದುರಿನ ಕುರ್ಚಿಯಲ್ಲಿ ಒಬ್ಬ ತಾಯಿ, ಮಡಿಲಲ್ಲಿ ಬಟ್ಟೆ ಸುತ್ತಿದ ಕೂಸು.

“ಮಾರಾಯರೇ, ಈ ಮಗು ಹುಟ್ಟಿ ಇಪ್ಪತ್ತಾರು ದಿನ ಎಂದು ತಾಯಿ ಹೇಳುತ್ತಿದ್ದಾಳೆ. ಮಗುವನ್ನು ನೋಡಿದರೆ ನನಗೂ ಹಾಗೆಯೇ ಕಾಣುತ್ತದೆ. ನಿಮ್ಮ ಯಂತ್ರ ಹನ್ನೆರಡು ವಾರ ಎನ್ನುತ್ತದೆ. ಆರು ವಾರದ್ದೂ ಹತ್ತು ವಾರದ್ದೂ ಚುಚ್ಚುಮದ್ದು ಬಾಕಿ ಎಂದು ಕೆಂಪಕ್ಷರದಲ್ಲಿ ಬೇರೆ ಬರೆದಿದೆ.”

ಮಗು ಹುಟ್ಟಿದ್ದು ಅಕ್ಟೋಬರ್ 8ಕ್ಕೆ. ಅಕ್ಕ ಸರಿಯಾಗಿಯೇ 08/10/2025 ಎಂದು ಟೈಪಿಸಿದ್ದರು. ಯಂತ್ರ ಅದನ್ನು ಆಗಸ್ಟ್ 10 ಎಂದು ಓದಿತ್ತು.

ಅಲ್ಲಿಯೇ ಹೊಟ್ಟೆಯೊಳಗೆ ತಣ್ಣಗಾಯಿತು. 18/11ನ್ನು ಯಂತ್ರ ತಳ್ಳಿದ್ದು ಹದಿನೆಂಟನೆಯ ತಿಂಗಳು ಎಂಬುದು ಇಲ್ಲವಾದ್ದರಿಂದ. 10/11ನ್ನು ಸ್ವೀಕರಿಸಿದ್ದು ಅಕ್ಟೋಬರ್ 11 ಎಂದು. ತಿಂಗಳು ಮೊದಲು, ದಿನ ಆಮೇಲೆ: ಅಮೆರಿಕದ ಕ್ರಮ. ದಿನ ಹನ್ನೆರಡನ್ನು ದಾಟಿದರೆ ಯಂತ್ರ ಕೂಗುತ್ತದೆ. ಹನ್ನೆರಡರೊಳಗೆ ಇದ್ದರೆ ಹಸಿರು ಗುರುತು ತೋರಿಸಿ ತಪ್ಪು ಬರೆದುಕೊಳ್ಳುತ್ತದೆ. ನಾನು ಬೆಳಿಗ್ಗೆಯಿಂದ ಕೆಂಪು ಸಂದೇಶವನ್ನು ಕಾಯಿಲೆ ಎಂದುಕೊಂಡಿದ್ದೆ. ಆ ವ್ಯವಸ್ಥೆಯಲ್ಲಿ ಇನ್ನೂ ಆರೋಗ್ಯವಾಗಿದ್ದ ಭಾಗ ಅದೊಂದೇ. ಕಾಯಿಲೆ ಇದ್ದದ್ದು ಹಸಿರಿನಲ್ಲಿ.

ಇನ್ನು ನನ್ನ ಶನಿವಾರದ ಪರೀಕ್ಷೆ. 01/01. 11/11. ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿದರೂ ಬದಲಾಗದ ತಾರೀಕು ವರ್ಷಕ್ಕೆ ಹನ್ನೆರಡೇ ಇವೆ. ಅವುಗಳಲ್ಲಿ ಎರಡನ್ನು ಆರಿಸಿ ಪರೀಕ್ಷೆ ಮಾಡಿ, ಎಲ್ಲ ಸರಿ ಇದೆ ಎಂದು ಮನೆಗೆ ಹೋಗಿ ಉಂಡು ಮಲಗಿದ್ದೆ.

ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಸದಾಗಿ ಬರೆಸಿದ ಯಾವ ವಯಸ್ಸನ್ನೂ ಈವತ್ತು ನಂಬಬೇಡಿ, ಹಳೆಯ ರೋಗಿಗಳದ್ದು ಸರಿ ಇದೆ ಎಂದೆ. ಹಳೆಯವು ದಿನಾಂಕವಾಗಿಯೇ ಒಳಗೆ ಕೂತಿವೆ, ಅಕ್ಷರವಾಗಿ ಅಲ್ಲ. ಓದುವ ಕ್ರಮ ಬದಲಾದರೂ ಅವು ಅಲುಗುವುದಿಲ್ಲ. “ಮಕ್ಕಳ ಮದ್ದು ನಾನು ತೂಕ ನೋಡಿಯೇ ಬರೆಯುವುದು, ಅದರ ಚಿಂತೆ ಬೇಡ” ಎಂದರು ಅವರು. ಮಧ್ಯಾಹ್ನದಿಂದ ಹೊಸ ನೋಂದಣಿ ಎಲ್ಲ ಕಾಗದದಲ್ಲಿ.

ಸಂಜೆ ಏಳಕ್ಕೆ ಕೊನೆಯ ರೋಗಿ ಹೋದ ಮೇಲೆ ಕೂತೆ. ಪರದೆಯ ಮೂಲೆಯ ಗಡಿಯಾರ ಭಾರತದ ಕ್ರಮದಲ್ಲೇ ದಿನ ತೋರಿಸುತ್ತಿದೆ. ನಾಲ್ಕು ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗೂ ಭಾರತದ್ದೇ. ಹಾಗಾದರೆ ಅಮೆರಿಕ ಎಲ್ಲಿಂದ ಬಂತು? ಕಪಾಟಿನಲ್ಲಿಟ್ಟ ಹಳೆಯ ಪೆಟ್ಟಿಗೆಯನ್ನು ಹೊರತೆಗೆದು ಹೊತ್ತಿಸಿದೆ. ಎರಡು ಯಂತ್ರದ ಸೆಟ್ಟಿಂಗುಗಳನ್ನು ಅಕ್ಕಪಕ್ಕ ಇಟ್ಟು, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಒಂದೊಂದೇ ಸಾಲು ನೋಡುತ್ತಾ ಹೋದೆ. ಒಂಬತ್ತು ಗಂಟೆಗೆ ಸಿಕ್ಕಿತು. ಸಾಫ್ಟ್‌ವೇರ್ ಬಳಸುವ ಲಾಗಿನ್ನಿನ ಗುಣಲಕ್ಷಣದಲ್ಲಿ ಕೊನೆಯ ಸಾಲು, ‘ಡೀಫಾಲ್ಟ್ ಭಾಷೆ’. ಹಳೆಯದರಲ್ಲಿ ಬ್ರಿಟಿಷ್ ಇಂಗ್ಲಿಷ್. ಹೊಸದರಲ್ಲಿ, ನಾನು ಶನಿವಾರ ಎರಡು ನಿಮಿಷದಲ್ಲಿ ಸೃಷ್ಟಿಸಿದ್ದರಲ್ಲಿ, ಬರೀ ಇಂಗ್ಲಿಷ್. ಎಸ್‌ಕ್ಯೂಎಲ್ ಸರ್ವರಿನ ಲೆಕ್ಕದಲ್ಲಿ ಬರೀ ಇಂಗ್ಲಿಷ್ ಎಂದರೆ ಅಮೆರಿಕದ್ದು. ವಿಂಡೋಸಿನಲ್ಲಿ ಭಾರತ ಎಂದಿದ್ದರೂ ಅದು ಕೇಳುವುದಿಲ್ಲ. ಸಾಫ್ಟ್‌ವೇರ್ ತಾರೀಕನ್ನು ಅಕ್ಷರಗಳ ಸಾಲಾಗಿ ಕಳಿಸುತ್ತದೆ, ಅದನ್ನು ಓದುವ ಕ್ರಮ ಲಾಗಿನ್ನಿನ ಭಾಷೆಯಿಂದ ಬರುತ್ತದೆ. 2014ರಲ್ಲಿ ಇದನ್ನು ಕೂರಿಸಿದ ಮನುಷ್ಯ ಆ ಒಂದು ಸಾಲನ್ನು ಬದಲಿಸಿದ್ದ. ಬೆನ್ನಿಗೆ ಹಳದಿ ಕಾಗದ ಅಂಟಿಸಿದವನೂ ಅವನೇ ಇರಬೇಕು. ಇದನ್ನೂ ಆ ಕಾಗದದಲ್ಲಿ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು.

ಭಾಷೆ ಬದಲಿಸಿದೆ, ಸಾಫ್ಟ್‌ವೇರನ್ನು ಎಲ್ಲ ಕಡೆ ಮುಚ್ಚಿ ತೆರೆದೆ. ಈ ಬಾರಿ 07/11, 12/11, 25/11 ಎಂದು ಮೂರು ಬಗೆಯಲ್ಲಿ ಪರೀಕ್ಷಿಸಿದೆ.

ಕೆಟ್ಟುಹೋದ ದಾಖಲೆಗಳನ್ನು ಸರಿಪಡಿಸುವ ಕೆಲಸ ಉಳಿಯಿತು. ಆ ದಿನ 61 ಭೇಟಿಗಳಾಗಿದ್ದವು. ಮುಂದಿನ ಭೇಟಿಯ ತಾರೀಕು ಈ ಭೇಟಿಗಿಂತ ಹಿಂದಿನದಾಗಿರುವ ಸಾಲುಗಳನ್ನು ತೆಗೆ ಎಂದು ಕೇಳಿದರೆ ಹೆಚ್ಚಿನವು ಸಿಕ್ಕಿದವು: ನಾಳೆ ಬಾ ಎಂದವರು ಏಪ್ರಿಲ್ 11ಕ್ಕೆ ಹೋಗಿದ್ದರು, ಒಂದು ತಿಂಗಳು ಬಿಟ್ಟು ಡಿಸೆಂಬರ್ 3ಕ್ಕೆ ಬರಬೇಕಾದವರು ಮಾರ್ಚ್ 12ಕ್ಕೆ. ಇವು ದಿನ-ತಿಂಗಳು ಮರಳಿ ತಿರುಗಿಸಿದರೆ ಸರಿ. ತಿರುಗಿಸುವ ಮುಂಚೆ ಇನ್ನೊಂದು ಬ್ಯಾಕಪ್ ತೆಗೆದೆ, ಬುದ್ಧಿ ಬಂದಿತ್ತು. ಆದರೆ ಹೀಗೆ ಹುಡುಕಿದರೆ ಸಿಗದ ಎರಡು ತಾರೀಕುಗಳಿದ್ದವು. ನವೆಂಬರ್ 12 ಎಂದದ್ದು ಡಿಸೆಂಬರ್ 11 ಆಗುತ್ತದೆ, ಡಿಸೆಂಬರ್ 11 ಎಂದದ್ದು ನವೆಂಬರ್ 12 ಆಗುತ್ತದೆ. ಎರಡೂ ಮುಂದಿನ ದಿನಗಳೇ, ಎರಡೂ ನಂಬುವಂಥವೇ. ಅಂಥ ಐದು ಸಾಲುಗಳು. ಯಾವ ಲೆಕ್ಕವೂ ಅವನ್ನು ಬಿಡಿಸಲಾರದು. ಕೆಂಪು ಸಂದೇಶದ ಕಾಟಕ್ಕೆ ಅಕ್ಕ ಸುಮ್ಮನೆ ಒಂದು ವಾರ ಎಂದು ಹಾಕಿ ಮುಂದೆ ಹೋದ ಸಾಲುಗಳೂ ಅಷ್ಟೆ.

ಉದ್ದ ಪುಸ್ತಕ ಬಂತು. ಅಕ್ಕ ಓದಿದರು, ನಾನು ತಿದ್ದಿದೆ. ಟೋಕನ್ ಸಂಖ್ಯೆ, ಹೆಸರು, ಮನೆ ಹೆಸರು, ತಾರೀಕು. ಮನೆ ಹೆಸರು ಬರೆಯದಿದ್ದರೆ ನಮ್ಮ ಊರಿನಲ್ಲಿ ಕೆಲಸ ನಡೆಯದು, ಒಂದು ಗುಡ್ಡದ ಈಚೆ ಬದಿಯಲ್ಲೇ ಮೂವರು ಈಶ್ವರ ಭಟ್ಟರು, ನಾಲ್ವರು ಅಬ್ದುಲ್ಲರು ಇರುತ್ತಾರೆ. ಹುಟ್ಟಿದ ದಿನಗಳನ್ನು ಆಧಾರ್ ನೋಡಿ ಬರೆದ ಕಾಗದದ ಚೀಟಿಗಳಿಂದ ತಿದ್ದಿದೆವು. ಹೊಸ ನೋಂದಣಿಗಳು ಒಂಬತ್ತು. ಅವರಲ್ಲಿ ಇಬ್ಬರು ಅಜ್ಜಂದಿರಿಗೆ ಹುಟ್ಟಿದ ವರ್ಷ ಮಾತ್ರ ಗೊತ್ತು. ಅಂಥವರಿಗೆ ಅಕ್ಕ ಯಾವಾಗಲೂ ಜನವರಿ ಒಂದು ಎಂದು ಹಾಕುತ್ತಾರೆ. ಅವರ ಸಾಲುಗಳಿಗೆ ಏನೂ ಆಗಿರಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದವರದ್ದು ಮಾತ್ರ ಸರಿ ಉಳಿದಿತ್ತು.

ಮಂಗಳವಾರ

ಹತ್ತು ಗಂಟೆಗೆ ಲ್ಯಾಬಿನ ಹುಡುಗಿ: “ರಿಪೋರ್ಟ್ ಕಳಿಸಿದ್ದೇನೆ, ಡಾಕ್ಟರಿಗೆ ಕಾಣಿಸುವುದಿಲ್ಲವಂತೆ.” ನಿನ್ನೆ ಕಾಣಿಸಿತ್ತೇ ಎಂದು ಕೇಳಿದೆ. ನಿನ್ನೆ ಕಾಣಿಸಿತ್ತು.

ನಿನ್ನೆಗೂ ಇವತ್ತಿಗೂ ನಡುವೆ ಕ್ಲಿನಿಕ್ಕಿನಲ್ಲಿ ಬದಲಾದದ್ದು ನಾನು ಬದಲಿಸಿದ ಒಂದು ಸಾಲು ಮಾತ್ರ. ಹುಡುಕಿದರೆ, ಬೆಳಿಗ್ಗೆಯ ರಿಪೋರ್ಟುಗಳೆಲ್ಲ ಏಪ್ರಿಲ್ 11ರಲ್ಲಿ ಕೂತಿವೆ. ಹೊಸ ಆವೃತ್ತಿಯಲ್ಲಿ ಲ್ಯಾಬಿನ ಭಾಗವನ್ನು ಹೊಸದಾಗಿ ಬರೆದಿದ್ದಾರೆ. ಅದು ವರ್ಷ ಮೊದಲು, ನಡುವೆ ಅಡ್ಡಗೆರೆ ಇಟ್ಟು 2025-11-04 ಎಂದು ಕಳಿಸುತ್ತದೆ. ಇಷ್ಟು ಸ್ಪಷ್ಟವಾದದ್ದನ್ನು ಯಾರೂ ತಪ್ಪಾಗಿ ಓದಲಾರರು ಎಂದು ಬರೆದವರು ನಂಬಿರಬೇಕು. ಎಸ್‌ಕ್ಯೂಎಲ್ ಸರ್ವರಿನ ಹಳೆಯ ‘ಡೇಟ್‌ಟೈಮ್’ ಜಾತಿಯ ಕಂಬ, ಲಾಗಿನ್ ಬ್ರಿಟಿಷ್ ಆಗಿದ್ದರೆ, ಅದನ್ನೂ ವರ್ಷ-ದಿನ-ತಿಂಗಳು ಎಂದೇ ಓದುತ್ತದೆ. ಹೊಸ ‘ಡೇಟ್’ ಜಾತಿಯ ಕಂಬಕ್ಕೆ ಈ ಹುಚ್ಚಿಲ್ಲ. ಅಡ್ಡಗೆರೆ ಇಲ್ಲದೆ ಎಂಟು ಅಂಕಿ ಒಟ್ಟಿಗೆ 20251104 ಎಂದು ಕಳಿಸಿದರೆ ಎರಡು ಜಾತಿಯೂ, ಯಾವ ಭಾಷೆಯಲ್ಲೂ, ಸರಿಯಾಗಿ ಓದುತ್ತವೆ.

ಒಟ್ಟಿನಲ್ಲಿ ಒಂದೇ ಸಾಫ್ಟ್‌ವೇರಿನೊಳಗೆ ಇಬ್ಬರು ಕೂತಿದ್ದಾರೆ, ಕೌಂಟರಿನವನು ಬ್ರಿಟಿಷ್ ಇಲ್ಲದೆ ಬದುಕಲಾರ, ಲ್ಯಾಬಿನವನು ಬ್ರಿಟಿಷ್ ಇದ್ದರೆ ಬದುಕಲಾರ. ಬಾಗಿಲು ಒಂದೇ ಆದದ್ದೇ ಜಗಳಕ್ಕೆ ಕಾರಣ. ಲ್ಯಾಬಿನ ಭಾಗಕ್ಕೆ ಬೇರೆ ಸೆಟ್ಟಿಂಗ್ ಫೈಲು ಇರುವುದನ್ನು ಕಂಡು, ಅದಕ್ಕೆ ಬೇರೆಯೇ ಲಾಗಿನ್ ಒಂದನ್ನು ಅಮೆರಿಕದ ಇಂಗ್ಲಿಷಿನಲ್ಲಿ ಮಾಡಿಕೊಟ್ಟೆ. ಇದು ಸರಿಯಾದ ದಾರಿಯಲ್ಲ, ತೇಪೆ. ಸರಿಯಾದದ್ದು ಸಾಫ್ಟ್‌ವೇರಿನವರು ಎಂಟು ಅಂಕಿಯಲ್ಲಿ ಕಳಿಸುವುದು. ಹಾಗೆಂದು ಅವರಿಗೆ ಉದ್ದದ ಪತ್ರ ಬರೆದೆ. ಸದ್ಯಕ್ಕೆ ತೇಪೆ ನಿಂತಿದೆ. ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದಿದ್ದ ರಿಪೋರ್ಟುಗಳನ್ನು ನವೆಂಬರಿಗೆ ತಂದೆ. ಈ ಬಾರಿ ಬಾಯಿಬಿಟ್ಟು ಎಲ್ಲ ಹೇಳಿ, ಎರಡೂ ಲಾಗಿನ್ನಿನ ಭಾಷೆಯನ್ನು ಹೊಸ ಪೆಟ್ಟಿಗೆಯ ಬೆನ್ನಿನ ಹಳದಿ ಕಾಗದದಲ್ಲಿ ಬರೆದು ಅಂಟಿಸಿದೆ.

ಮಧ್ಯಾಹ್ನ ಇನ್ನೊಂದು. ಮಲಯಾಳದಲ್ಲಿ ಹೆಸರು ಹುಡುಕಿದರೆ ಕೆಲವರು ಸಿಗುತ್ತಾರೆ, ಕೆಲವರು ಸಿಗುವುದಿಲ್ಲ. ಸಿಗದವರ ಪಟ್ಟಿ ಮಾಡಿಸಿದೆ: ನಾರಾಯಣನ್, ಕೃಷ್ಣನ್, ಗೋಪಾಲನ್. ಕೊನೆಯಲ್ಲಿ ಅರ್ಧಾಕ್ಷರ ಇರುವವರು. ಮಲಯಾಳದಲ್ಲಿ ಇವಕ್ಕೆ ಚಿಲ್ಲು ಎನ್ನುತ್ತಾರೆ. ಹಿಂದೆ ಚಿಲ್ಲನ್ನು ಕಂಪ್ಯೂಟರಿನಲ್ಲಿ ಮೂರು ಸಂಕೇತ ಸೇರಿಸಿ ಬರೆಯುತ್ತಿದ್ದರು: ಅಕ್ಷರ, ಅದರ ಅರೆಗೊಳಿಸುವ ಚಿಹ್ನೆ, ಕಣ್ಣಿಗೆ ಕಾಣದ ಒಂದು ಜೋಡುಕ. 2008ರಲ್ಲಿ ಯೂನಿಕೋಡಿನ 5.1 ಆವೃತ್ತಿ ಆರು ಚಿಲ್ಲುಗಳಿಗೆ ಒಂದೊಂದು ಸ್ವಂತ ಸಂಕೇತ ಕೊಟ್ಟಿತು. ಹಳೆಯ ಯಂತ್ರದ ಕೀಲಿಮಣೆಯಲ್ಲಿ ಹಳೆಯ ಪದ್ಧತಿ, ಹೊಸದರಲ್ಲಿ ಹೊಸ ಪದ್ಧತಿ. ಪರದೆಯ ಮೇಲೆ ಎರಡೂ ಒಂದೇ ನಾರಾಯಣನ್, ಅಕ್ಕನ ಕಣ್ಣಿಗೂ ನನ್ನ ಕಣ್ಣಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರು. ಸಿಗದವರನ್ನು ಹೊಸ ರೋಗಿ ಎಂದುಕೊಂಡು ಮತ್ತೆ ನೋಂದಾಯಿಸಿದರೆ ಹನ್ನೊಂದು ವರ್ಷದ ಸಕ್ಕರೆ, ಬಿಪಿ, ಅಲರ್ಜಿಯ ವಿವರ ಎಲ್ಲ ಇನ್ನೊಬ್ಬ ನಾರಾಯಣನ್ ಹೆಸರಿನಲ್ಲಿ ಉಳಿದುಬಿಡುತ್ತಿತ್ತು. ಹಾಗೆ ಒಬ್ಬರದ್ದು ಆಗಿಯೂ ಇತ್ತು, ಎರಡನ್ನೂ ಸೇರಿಸಿದೆವು. ಆರು ಚಿಲ್ಲಿಗೂ ಹಳೆಯದನ್ನು ಹೊಸದಕ್ಕೆ ಬದಲಿಸುವ ಆರು ಸಾಲಿನ ಆಜ್ಞೆ ಬರೆದು ಓಡಿಸಿದೆ.

ಬುಧವಾರ ಫೋನ್ ಬರಲಿಲ್ಲ. ಬರಲಿಲ್ಲವಲ್ಲ ಎಂದು ನಾನೇ ಮಾಡಿದೆ. “ಎಲ್ಲ ಹಸಿರು ಇದೆ ಅಣ್ಣಾ” ಎಂದರು ಅಕ್ಕ. ಆ ಬಣ್ಣದ ಮಾತು ಕೇಳಿ ಬೈಕ್ ಹತ್ತಿ ಹೋಗಿ, ಆ ದಿನದ ಇಪ್ಪತ್ತು ದಾಖಲೆಗಳನ್ನು ಕಾಗದದ ಎದುರು ಇಟ್ಟು ನೋಡಿ ಬಂದೆ. ಸರಿ ಇದ್ದವು.

ನವೆಂಬರ್ 19ಕ್ಕೆ ಬೇರೆ ಯಾವುದೋ ಕೆಲಸಕ್ಕೆ ಹೋದಾಗ ಆ ದಿನದ ಪಟ್ಟಿಯಲ್ಲಿ ಮೂರನೆಯ ಹೆಸರು ಆ ಕೂಸಿನದು. ವಯಸ್ಸು ಆರು ವಾರ, ಆರು ವಾರದ ಚುಚ್ಚುಮದ್ದು ಇವತ್ತು, ಬಾಕಿ ಯಾವುದೂ ಇಲ್ಲ. ಒಳಗಿನಿಂದ ಅಳು ಕೇಳಿಸಿತು. ಚೀಟಿ ಆರನೆಯ ಇಂಚಿಗೆ ಸರಿಯಾಗಿ ಹರಿದು ಬಂತು. ಅಕ್ಕ ಅದರಿಂದ ಮುಂದಿನ ತಾರೀಕನ್ನು ಉದ್ದ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು.

“ಇನ್ನು ಅದು ಬೇಡ ಅಕ್ಕಾ, ಎಲ್ಲ ಸರಿಯಾಗಿದೆಯಲ್ಲ” ಎಂದೆ.

“ಆಯಿತು ಅಣ್ಣಾ” ಎಂದು ಅವರು ಆ ಸಾಲನ್ನು ಬರೆದು ಮುಗಿಸಿದರು. ಪುಸ್ತಕದಲ್ಲಿ ಇನ್ನು ಎರಡೇ ಹಾಳೆ ಉಳಿದಿತ್ತು. ಮೇಜಿನ ಕೆಳಗಿನ ಅರೆಯಲ್ಲಿ, ಪ್ಲಾಸ್ಟಿಕ್ ಬಿಚ್ಚದ ಇನ್ನೊಂದು ಪುಸ್ತಕ ತಂದು ಇಟ್ಟಿದ್ದರು.